ಸಿಗ್ನಲ್ ಐತಿ, ಚಿತ್ರ ಯಾಕಿಲ್ಲ?

ಟೀವಿ ಪರದೆ ಕಪ್ಪಾದರೆ ಡಿಶ್ ಇರುವ ಮನೆಗಳಲ್ಲಿ ನಡೆಯುವ ಕೆಲಸ ಎಲ್ಲ ಕಡೆ ಒಂದೇ. ಮೊದಲು ಬಾಕ್ಸ್ ಆಫ್ ಮಾಡಿ ಆನ್ ಮಾಡ್ತೀವಿ. ಅದಕ್ಕೂ ಬರದಿದ್ದರೆ ಬಾಕ್ಸಿನ ತಲೆ ಮೇಲೆ ಎರಡು ಏಟು. ಅದೂ ಆಗಲಿಲ್ಲ ಅಂದರೆ ಒಬ್ಬರು ಮಾಳಿಗೆ ಹತ್ತಿ ಡಿಶ್ ಹಿಡಿದು ತಿರುಗಿಸೋದು, ಇನ್ನೊಬ್ಬರು ಕೆಳಗೆ ಬಾಗಿಲಲ್ಲಿ ನಿಂತು "ಬಂತು... ಬಂತು... ಹೋತು!" ಅಂತ ಕೂಗೋದು. ಕಡೆಗೆ ಅಂಗಡಿಯವರಿಗೆ ಫೋನು. ಇಷ್ಟೆಲ್ಲದರ ನಡುವೆ ರಿಮೋಟಿನ ಮೆನು ಒತ್ತಿ ಒಳಗಿರುವ ಎರಡು ಪಟ್ಟಿಗಳನ್ನು ನೋಡುವವರು ಕಡಿಮೆ. ಒಂದು ಸಿಗ್ನಲ್ ಸ್ಟ್ರೆಂತ್, ಇನ್ನೊಂದು ಸಿಗ್ನಲ್ ಕ್ವಾಲಿಟಿ.

ಎರಡೂ ಒಂದೇ ಅಂತ ಬಹಳ ಜನ ಅಂದುಕೊಂಡಿರ್ತಾರೆ. ಅಲ್ಲ. ಸ್ಟ್ರೆಂತ್ ಅಂದರೆ ಬಾಕ್ಸಿನ ಕಿವಿಗೆ ಎಷ್ಟು ಸದ್ದು ಬಿತ್ತು ಅನ್ನೋದು. ಕ್ವಾಲಿಟಿ ಅಂದರೆ ಆ ಸದ್ದಿನಲ್ಲಿ ಎಷ್ಟು ಮಾತು ತಿಳಿಯಿತು ಅನ್ನೋದು. ಸಂತೆಯ ದಿನ ಬಜಾರದ ನಡುವೆ ನಿಂತರೆ ಕಿವಿ ತುಂಬ ಸದ್ದು ಇರ್ತದೆ, ಆದರೆ ಆಚೆ ಬದಿಯಿಂದ ನಿಮ್ಮ ಹೆಸರು ಹಿಡಿದು ಕರೆದವರ ಮಾತು ಕೇಳಿಸಿರೋದಿಲ್ಲ. ಸ್ಟ್ರೆಂತ್ ತುಂಬಿ ಕ್ವಾಲಿಟಿ ಸೊನ್ನೆ ಆಗೋದು ಹಾಗೆ.

ನಾನು ಮುದ್ದೇಬಿಹಾಳದವನು. ಓದಿದ್ದು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್, ಹೊಟ್ಟೆಪಾಡು ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಈ ಎರಡು ಪಟ್ಟಿಗಳ ವ್ಯತ್ಯಾಸ ಗೊತ್ತಿಲ್ಲದ್ದಕ್ಕೆ ಚೆನ್ನಾಗಿರುವ ಬಾಕ್ಸನ್ನು ಮೂಲೆಗೆ ಹಾಕಿ ಹೊಸದಕ್ಕೆ ದುಡ್ಡು ಕೊಟ್ಟವರನ್ನು ನಮ್ಮೂರ ಕಡೆ ನೋಡಿದ್ದೇನೆ. ಅದಕ್ಕೇ ಆ ಪುಟ್ಟ ಡಬ್ಬಿ ಒಳಗೆ ಏನು ಮಾಡ್ತದೆ ಅನ್ನೋದನ್ನು ಮನೆಮಂದಿಗೆಲ್ಲ ತಿಳಿಯುವ ಹಾಗೆ ಬರೆಯೋಣ ಅನ್ನಿಸಿತು.

ಐವತ್ತು ವರ್ಷದ ನಂಟು

ಉಪಗ್ರಹ ಟೀವಿ ನಮ್ಮ ಜಿಲ್ಲೆಗೆ ಮೊನ್ನೆ ಬಂದದ್ದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ನಾಸಾ ಸೇರಿ 'ಸೈಟ್' ಎಂಬ ಪ್ರಯೋಗ ನಡೆಸಿದವು. ಎಟಿಎಸ್-6 ಎಂಬ ಅಮೆರಿಕದ ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಇಳಿಸಿದ ಪ್ರಯೋಗ ಅದು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಮುಖ್ಯ ವಿಷಯಗಳು. ಕರ್ನಾಟಕದಿಂದ ಆಯ್ಕೆಯಾದದ್ದು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಊರ ಮಂದಿ ಒಂದೇ ಟೀವಿ ಮುಂದೆ ಕೂತು ನೋಡಿದ ಕಾಲ.

ಆಗಿನ ಡಿಶ್ ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯದ್ದು, ಅಗಲ ಸುಮಾರು 3 ಮೀಟರ್. ಇವತ್ತು ನಮ್ಮ ಮಾಳಿಗೆ ಮೇಲಿರೋದು 60 ಸೆಂಟಿಮೀಟರಿನದ್ದು. ಹೀಗೆ ಕುಗ್ಗಿದ್ದಕ್ಕೆ ಮೂರು ಕಾರಣ. ಉಪಗ್ರಹಗಳ ಬಲ ಹೆಚ್ಚಾಯಿತು. ಬಳಸುವ ಅಲೆಗಳು ಚಿಕ್ಕವಾದವು. ಮೂರನೆಯದು ಕಣ್ಣಿಗೆ ಕಾಣದ ಕಾರಣ: ಗದ್ದಲದಲ್ಲಿ ಕೆಟ್ಟ ಮಾತನ್ನು ಲೆಕ್ಕದಿಂದ ರಿಪೇರಿ ಮಾಡುವ ವಿದ್ಯೆಯನ್ನು ಬಾಕ್ಸ್ ಕಲಿಯಿತು.

ದಿಲ್ಲಿಯಿಂದ ಮಾಳಿಗೆವರೆಗೆ

ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್ ಅನ್ನೇ ಉದಾಹರಣೆಗೆ ತಗೊಳ್ಳೋಣ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ ಇದು. ಚಾನೆಲ್ಲುಗಳನ್ನೆಲ್ಲ ದಿಲ್ಲಿಯ ತೋಡಾಪುರದಲ್ಲಿರುವ ದೂರದರ್ಶನದ ಕೇಂದ್ರದಲ್ಲಿ ಒಟ್ಟು ಮಾಡಿ ಮೇಲಕ್ಕೆ ಕಳಿಸ್ತಾರೆ. ಮೇಲೆ ಜಿಸ್ಯಾಟ್-15 ಉಪಗ್ರಹ ಇದೆ. 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದಿಂದ ಹಾರಿದ್ದು. ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸಮಭಾಜಕ ವೃತ್ತದ ನೆತ್ತಿಗೆ, 35,786 ಕಿಲೋಮೀಟರ್ ಎತ್ತರದಲ್ಲಿ ಭೂಮಿ ತಿರುಗುವ ಲೆಕ್ಕಕ್ಕೇ ತಾನೂ ತಿರುಗ್ತದೆ. ಅದಕ್ಕೇ ನಮಗೆ ಒಂದೇ ಕಡೆ ನಿಂತ ಹಾಗೆ. ಇಂಥ ಉಪಗ್ರಹಗಳನ್ನು ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲೇ ಇದೆ, ಇನ್ನೊಂದು ಭೋಪಾಲದಲ್ಲಿ.

ಮುದ್ದೇಬಿಹಾಳದಿಂದ ಅದು ಎಲ್ಲಿ ಕಾಣ್ತದೆ ಅಂತ ಲೆಕ್ಕ ಹಾಕಿದೆ. ಉತ್ತರ ದಿಕ್ಕಿನಿಂದ ಬಲಕ್ಕೆ ಎಣಿಸಿದರೆ 132 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಆಗ್ನೇಯ ಮೂಲೆ. ನೆಲದಿಂದ ಮೇಲಕ್ಕೆ 62 ಡಿಗ್ರಿ. ದೂರ ಸುಮಾರು 36,400 ಕಿಲೋಮೀಟರ್. ಇಂಡಿ, ಸಿಂದಗಿ, ಬಸವನ ಬಾಗೇವಾಡಿಯವರಿಗೂ ಈ ಕೋನ ಬಹಳ ಬದಲಾಗೋದಿಲ್ಲ.

ಅಷ್ಟು ದೂರ ಬರುವ ಹೊತ್ತಿಗೆ ಅಲೆಯಲ್ಲಿ ಉಳಿದಿರುವ ಶಕ್ತಿ ಎಷ್ಟು? ಒಂದು ವ್ಯಾಟನ್ನು ಲಕ್ಷ ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದೆರಡು ಚೂರು ನಮ್ಮ ಡಿಶ್ಶಿಗೆ ಸಿಗ್ತವೆ, ಅಷ್ಟೇ. ಡಿಶ್ ಅದನ್ನು ಒಂದು ಬಿಂದುವಿಗೆ ಕೂಡಿಸ್ತದೆ. ಆ ಬಿಂದುವಿನಲ್ಲಿ, ತೋಳಿನ ತುದಿಗೆ ಕೂತ ಸಣ್ಣ ಡಬ್ಬಿಯೇ ಎಲ್‌ಎನ್‌ಬಿ. ಅದಕ್ಕೆ ಎರಡು ಕೆಲಸ. ಒಂದು, ತನ್ನ ಗದ್ದಲ ಆದಷ್ಟು ಕಡಿಮೆ ಸೇರಿಸಿ ಸಿಗ್ನಲ್ಲನ್ನು ಲಕ್ಷಗಟ್ಟಲೆ ಪಟ್ಟು ದೊಡ್ಡದು ಮಾಡೋದು. ಎರಡು, ಅಲೆಯ ಕಂಪನದ ವೇಗ ಇಳಿಸೋದು. 11,090 ಮೆಗಾಹರ್ಟ್ಸ್‌ನ ಅಲೆಯನ್ನು ಹಾಗೇ ವಾಯರಿಗೆ ಬಿಟ್ಟರೆ ಕೆಳಗೆ ಬರುವಷ್ಟರಲ್ಲಿ ಸೋರಿ ಹೋಗ್ತದೆ. ಎಲ್‌ಎನ್‌ಬಿ ಅದರಿಂದ 9,750 ಕಳೆದು 1,340 ಮೆಗಾಹರ್ಟ್ಸ್ ಮಾಡಿ ಕೆಳಗೆ ಕಳಿಸ್ತದೆ.

ಅದೇ ವಾಯರಿನಲ್ಲಿ ಕೆಳಗಿನಿಂದ ಮೇಲಕ್ಕೆ ಕರೆಂಟೂ ಹೋಗ್ತದೆ. ಬಾಕ್ಸ್ 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ ನಿಂತ ಅಲೆಗಳನ್ನು ಆರಿಸ್ತದೆ, 18 ವೋಲ್ಟ್ ಕೊಟ್ಟರೆ ಮಲಗಿದ ಅಲೆಗಳನ್ನು. ಅರ್ಧ ಚಾನೆಲ್ ಬಂದು ಅರ್ಧ ಬಾರದಿದ್ದರೆ ಈ ವೋಲ್ಟೇಜಿನ ಮೇಲೆ, ಅಂದರೆ ವಾಯರಿನ ಜೋಡಣೆ, ಎಲ್‌ಎನ್‌ಬಿ ಇಲ್ಲವೇ ಬಾಕ್ಸಿನ ಕರೆಂಟಿನ ಮೇಲೆ ಮೊದಲು ಅನುಮಾನ ಪಡಬೇಕು.

ನಡುಗುವ ಗಡಿಯಾರದ ಮುಳ್ಳು

ಈಗ ವಾಯರು ಬಾಕ್ಸಿನೊಳಕ್ಕೆ ಬಂತು. ಇಲ್ಲಿ ಡಿಮಾಡ್ಯುಲೇಟರ್ ಎಂಬ ಚಿಪ್ಪಿನ ಕೆಲಸ ಶುರು.

ಬರುವ ಅಲೆಯಲ್ಲಿ ಚಿತ್ರ ಇಲ್ಲ, ದನಿ ಇಲ್ಲ. ಒಂದು ಗಡಿಯಾರವನ್ನು ಊಹಿಸಿಕೊಳ್ಳಿ. ಅದಕ್ಕೆ ಒಂದೇ ಮುಳ್ಳು. ಅದು ನಿಲ್ಲಬಹುದಾದ ಜಾಗ ನಾಲ್ಕೇ: ಒಂದೂವರೆ, ನಾಲ್ಕೂವರೆ, ಏಳೂವರೆ, ಹತ್ತೂವರೆ. ಪ್ರತಿ ಜಾಗಕ್ಕೂ ಎರಡು ಅಂಕಿಯ ಅರ್ಥ: 00, 01, 11, 10. ದಿಲ್ಲಿಯವರು ಮುಳ್ಳನ್ನು ಆ ನಾಲ್ಕು ಜಾಗಗಳ ನಡುವೆ ಸೆಕೆಂಡಿಗೆ 2 ಕೋಟಿ 95 ಲಕ್ಷ ಸಲ ಇಡ್ತಾರೆ. ಇಲ್ಲಿ ನಮ್ಮ ಬಾಕ್ಸ್ ಅಷ್ಟೂ ಸಲ ನೋಡಿ ಬರೆದುಕೊಳ್ಳಬೇಕು. ಈ ವಿಧಾನಕ್ಕೆ ಕ್ಯೂಪಿಎಸ್‌ಕೆ ಅಂತ ಹೆಸರು.

ಕೇಳೋದಕ್ಕೆ ಸುಲಭ. ಆದರೆ ಚಿಪ್ಪಿಗೆ ಮೂರು ತೊಂದರೆ. ಮೊದಲನೆಯದು, ಮುಳ್ಳು ಯಾವ ಕ್ಷಣಕ್ಕೆ ನಿಂತಿತು ಅಂತ ಯಾರೂ ಹೇಳೋದಿಲ್ಲ. ಇಬ್ಬರು ಹಗ್ಗ ಬೀಸುವಾಗ ಮೂರನೆಯವಳು ಹೊರಗೆ ನಿಂತು, ತಾಳ ಹಿಡಿದು, ಸಮಯ ನೋಡಿ ಒಳಗೆ ಜಿಗಿಯೋದಿಲ್ಲವೇ? ಚಿಪ್ಪೂ ಹಾಗೇ ಅಲೆಯ ತಾಳ ಹಿಡಿದು ನೋಡುವ ಕ್ಷಣವನ್ನು ಹೊಂದಿಸಿಕೊಳ್ಳಬೇಕು. ಎರಡನೆಯದು, ಬಿಸಿಲಿಗೆ ಕಾದ ಎಲ್‌ಎನ್‌ಬಿ ಲೆಕ್ಕ ಸ್ವಲ್ಪ ಆಚೀಚೆ ಆಗಿ ಇಡೀ ಗಡಿಯಾರವೇ ಗಿರಗಿರ ತಿರುಗಿದ ಹಾಗೆ ಕಾಣ್ತದೆ; ಅದನ್ನು ಎದುರು ತಿರುಗಿಸಿ ನಿಲ್ಲಿಸಬೇಕು. ಮೂರನೆಯದು ಗದ್ದಲ. ಮುಳ್ಳು ಒಂದೂವರೆಗೆ ಇಟ್ಟದ್ದು ನಡುಗಿ ನಡುಗಿ ಎರಡಕ್ಕೋ ಮೂರಕ್ಕೋ ಇದ್ದ ಹಾಗೆ ಕಾಣ್ತದೆ. ಮೂರಕ್ಕೆ ಕಂಡರೆ ಅದು ಒಂದೂವರೆಯದ್ದೋ ನಾಲ್ಕೂವರೆಯದ್ದೋ?

ಕ್ವಾಲಿಟಿ ಪಟ್ಟಿ ಹುಟ್ಟೋದು ಇಲ್ಲಿ. ಮುಳ್ಳು ಎಷ್ಟು ನಡುಗ್ತಿದೆ ಅನ್ನೋದನ್ನೇ ಬಾಕ್ಸ್ ಆ ಪಟ್ಟಿಯಾಗಿ ತೋರಿಸ್ತದೆ. ನಡುಕ ಕಡಿಮೆ ಇದ್ದಷ್ಟೂ ಪಟ್ಟಿ ಉದ್ದ. ಸ್ಟ್ರೆಂತ್ ಪಟ್ಟಿಗೆ ಇದರ ಪರಿವೆ ಇಲ್ಲ. ಅದು ಬಂದ ಒಟ್ಟು ಶಕ್ತಿಯನ್ನು ಅಳೀತದೆ, ಗದ್ದಲವೂ ಅದರಲ್ಲಿ ಸೇರಿಯೇ. ಡಿಶ್ ಬರೀ ಆಕಾಶ ನೋಡ್ತಿದ್ದರೂ ಎಲ್‌ಎನ್‌ಬಿಯ ಸ್ವಂತ ಗದ್ದಲಕ್ಕೇ ಸ್ಟ್ರೆಂತ್ ಚೆನ್ನಾಗಿ ಕಾಣಬಹುದು.

ಮೂರನೇ ಒಂದು ಪಾಲು ಕಾವಲಿಗೆ

ಎಷ್ಟೇ ಜಾಗರೂಕತೆ ಮಾಡಿದರೂ ಕೆಲವು ಅಂಕಿ ತಪ್ಪೇ ತಪ್ಪುತ್ತವೆ. ಹಾಗಾದರೆ ಚಿತ್ರ ಅಷ್ಟು ಸ್ವಚ್ಛ ಬರೋದು ಹೇಗೆ?

ಮಾರ್ಕೆಟ್ಟಿನಿಂದ ಅಪ್ಪ ಫೋನಿನಲ್ಲಿ ಚೀಟಿ ಬರೆಸ್ತಾರೆ ಅನ್ನಿ: "ತೊಗರಿ ಐದು ಚೀಲ, ಕಡಲೆ ಮೂರು ಚೀಲ, ಜೋಳ ನಾಲ್ಕು ಚೀಲ, ಒಟ್ಟು ಹನ್ನೆರಡು." ನಡುವೆ ಲಾರಿ ಹಾರ್ನ್ ಹೊಡೆದು ಕಡಲೆಯ ಲೆಕ್ಕ ಕೇಳಿಸಲಿಲ್ಲ. ಮತ್ತೆ ಕೇಳಬೇಕಿಲ್ಲ. ಹನ್ನೆರಡರಲ್ಲಿ ಐದು ಮತ್ತು ನಾಲ್ಕು ಕಳೆದರೆ ಮೂರು. 'ಒಟ್ಟು' ಅನ್ನುವ ಒಂದು ಹೆಚ್ಚಿನ ಮಾತು ಕಳೆದ ಮಾತನ್ನು ವಾಪಸ್ ತಂದಿತು. ಉಪಗ್ರಹದ ಸಿಗ್ನಲ್ಲಿನಲ್ಲೂ ಇಂಥ ಹೆಚ್ಚಿನ ಅಂಕಿಗಳನ್ನು ದಿಲ್ಲಿಯಲ್ಲೇ ಸೇರಿಸಿರ್ತಾರೆ.

ಫ್ರೀ ಡಿಶ್ಶಿನ ಹಳೆಯ ಬಗೆಯ ಪ್ರಸಾರದಲ್ಲಿ, ಅಂದರೆ ಡಿವಿಬಿ-ಎಸ್‌ನಲ್ಲಿ, ಈ ಕಾವಲು ಎರಡು ಸುತ್ತಿನದು. ಒಳಸುತ್ತಿನಲ್ಲಿ ಪ್ರತಿ ನಾಲ್ಕು ಅಂಕಿಗೆ ಮೂರು ಮಾತ್ರ ನಿಜವಾದ ಸರಕು. ಪ್ರತಿ ಅಂಕಿಯ ಗುರುತು ಮುಂದಿನ ಹಲವು ಅಂಕಿಗಳಲ್ಲಿ ಬೆರೆತಿರ್ತದೆ. ಹಾಗಾಗಿ ಒಂದು ಅಳಿಸಿದರೂ ಅಕ್ಕಪಕ್ಕದವು ಸಾಕ್ಷಿ ಹೇಳ್ತವೆ. ಹೊಲದಲ್ಲಿ ಅಳಿದುಳಿದ ಹೆಜ್ಜೆ ಗುರುತು ನೋಡಿ ದನ ಯಾವ ಒಡ್ಡು ಹಿಡಿದು ಹೋಗಿರಬೇಕು ಅಂತ ಊಹಿಸ್ತೀವಲ್ಲ, ಅದೇ ಕೆಲಸ. ಪ್ರತಿ ಕವಲಿನಲ್ಲೂ, ಅಲ್ಲಿಗೆ ಬಂದಿರಬಹುದಾದ ದಾರಿಗಳಲ್ಲಿ ಹೆಚ್ಚು ನಂಬುವಂಥದ್ದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡುವ ಈ ಉಪಾಯವನ್ನು 1967ರಲ್ಲಿ ಆಂಡ್ರ್ಯೂ ವಿಟರ್ಬಿ ಎಂಬ ಎಂಜಿನಿಯರ್ ಪ್ರಕಟಿಸಿದರು. ಮುಂದೆ ಕ್ವಾಲ್‌ಕಾಮ್ ಕಂಪನಿ ಕಟ್ಟಿದವರಲ್ಲಿ ಅವರೂ ಒಬ್ಬರು.

ಹೊರಸುತ್ತಿನ ಕಾವಲಿಗೆ ರೀಡ್-ಸಾಲೊಮನ್ ಕೋಡ್ ಅಂತ ಹೆಸರು. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಬರೆದ ಗಣಿತ ಇದು. 188 ಬೈಟ್ ಸರಕಿಗೆ 16 ಬೈಟ್ ಕಾವಲು ಸೇರಿಸಿ 204ರ ಕಟ್ಟು ಮಾಡ್ತಾರೆ. ಒಂದು ಕಟ್ಟಿನಲ್ಲಿ ಎಲ್ಲಿಯೇ ಆಗಲಿ 8 ಬೈಟ್‌ವರೆಗೆ ಕೆಟ್ಟಿದ್ದರೂ ಸರಿ ಮಾಡಬಹುದು. ಎಂಟಕ್ಕಿಂತ ಹೆಚ್ಚು ಒಟ್ಟಿಗೆ ಕೆಟ್ಟರೆ? ಅದಕ್ಕೂ ಒಂದು ಉಪಾಯ. ಮದುವೆಗೆ ಹೊರಟ ಒಂದು ಮನೆಯವರೆಲ್ಲ ಒಂದೇ ಬಸ್ ಹತ್ತಿ, ಆ ಬಸ್ ಕೆಟ್ಟು ನಿಂತರೆ ಆ ಮನೆಯವರು ಒಬ್ಬರೂ ಮುಟ್ಟೋದಿಲ್ಲ. ಹನ್ನೆರಡು ಬಸ್ಸಿಗೆ ಹಂಚಿ ಕೂತಿದ್ದರೆ ಒಂದು ಬಸ್ ಕೆಟ್ಟರೂ ಪ್ರತಿ ಮನೆಯಿಂದ ಒಂದಿಬ್ಬರು ತಪ್ಪಿಯಾರು, ಮದುವೆ ನಡೀತದೆ. ಬೈಟುಗಳನ್ನೂ ಹೀಗೇ ಹನ್ನೆರಡು ಸಾಲಿಗೆ ಹಂಚಿ ಕಳಿಸ್ತಾರೆ, ಬಾಕ್ಸ್ ಮತ್ತೆ ಜೋಡಿಸ್ತದೆ.

ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ 2 ಕೋಟಿ 95 ಲಕ್ಷ ಸಲ, ಸಲಕ್ಕೆ ಎರಡು ಅಂಕಿ, ಒಟ್ಟು 5 ಕೋಟಿ 90 ಲಕ್ಷ. ಎರಡೂ ಕಾವಲಿನ ಪಾಲು ತೆಗೆದರೆ ಉಳಿಯೋದು ಸುಮಾರು 4 ಕೋಟಿ 8 ಲಕ್ಷ. ಹತ್ತಿರ ಹತ್ತಿರ ಮೂರನೇ ಒಂದು ಪಾಲು ಬರೀ ಕಾವಲಿನ ಕೂಲಿ. ಉಳಿದ ಸರಕನ್ನು ಒಂದೇ ದಾರಿಯ ಹಲವು ಚಾನೆಲ್ಲುಗಳು ಹಂಚಿಕೊಳ್ತವೆ. ಹೊಸ ಬಗೆಯ ಡಿವಿಬಿ-ಎಸ್2 ಬಾಕ್ಸುಗಳಲ್ಲಿ ಮುಳ್ಳಿಗೆ ಎಂಟು ಜಾಗವೂ ಇರಬಹುದು, ಕಾವಲಿನ ಗಣಿತವೂ ಇನ್ನಷ್ಟು ಚುರುಕು. ತತ್ವ ಮಾತ್ರ ಅದೇ.

ಕಡೆಗೆ ಬಾಕ್ಸ್ ನಿಮ್ಮ ಚಾನೆಲ್ಲಿನ ಕಟ್ಟುಗಳನ್ನಷ್ಟೇ ಆರಿಸಿ ಬಿಡಿಸ್ತದೆ. ಚಿತ್ರಗಳಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ ಬರ್ತದೆ, ನಡುವಿನವು ಹಿಂದಿನದಕ್ಕಿಂತ ಏನು ಬದಲಾಯಿತು ಅನ್ನುವ ಸುದ್ದಿ ಮಾತ್ರ. ಚಾನೆಲ್ ಬದಲಿಸಿದಾಗ ಒಂದು ಕ್ಷಣ ಪರದೆ ಕಪ್ಪಾಗೋದಕ್ಕೆ ಇದೂ ಒಂದು ಕಾರಣ: ಬಾಕ್ಸ್ ಮುಂದಿನ ಪೂರ್ತಿ ಚಿತ್ರಕ್ಕೆ ಕಾಯ್ತಿರ್ತದೆ.

ಮೂರು ಎಣಿಸಿ

ಹಳೆಯ ಅಂಟೆನಾ ಟೀವಿಯಲ್ಲಿ ಸಿಗ್ನಲ್ ಕಡಿಮೆಯಾದರೆ ಚುಕ್ಕಿ ಚುಕ್ಕಿ ಬೀಳ್ತಿತ್ತು, ಚಿತ್ರ ಮಂಜಾಗ್ತಿತ್ತು, ಆದರೂ ಮುಖ ಗುರುತು ಸಿಗ್ತಿತ್ತು. ಡಿಜಿಟಲ್ಲಿನಲ್ಲಿ ಹಾಗಿಲ್ಲ. ತಪ್ಪುಗಳು ಕಾವಲಿನ ಮಿತಿಯೊಳಗೆ ಇರುವತನಕ ಚಿತ್ರ ಕನ್ನಡಿಯಂತೆ. ಮಿತಿ ದಾಟಿದರೆ ಚೌಕ ಚೌಕ ಒಡೆದು, ಮರುಗಳಿಗೆಗೆ ಕಪ್ಪು. ಒಡ್ಡಿನ ಮೇಲೆ ನಡೆಯುತ್ತ ಬಂದು ಒಮ್ಮೆಲೇ ಬಾವಿಗೆ ಬಿದ್ದ ಹಾಗೆ.

ಹೋದ ವರ್ಷ ಜೂನಿನ ಗಾಳಿಗೆ ನಮ್ಮ ಮನೆಯ ಟೀವಿ ಹೀಗೇ ನಿಂತಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ಊರಲ್ಲಿ ಒಬ್ಬಳೇ ಇರ್ತಾಳೆ. ಸಂಜೆ ಚಂದನ ವಾಹಿನಿಯ ದನಿಯೇ ಮನೆಗೆ ಜೊತೆ. ರಿಪೇರಿಗೆ ಬಂದವರು ನೋಡಿ, ಬಾಕ್ಸ್ ಸುಟ್ಟಿದೆ, ಹೊಸದಕ್ಕೆ ಹದಿನೈದು ನೂರು ಅಂದು ಹೋಗಿದ್ದರು. ಅವ್ವ ರೊಕ್ಕ ಎಣಿಸಿ ಇಟ್ಟುಕೊಂಡೇ ನನಗೆ ಫೋನ್ ಮಾಡಿದ್ದು.

"ಅವ್ವಾ, ರಿಮೋಟ್‌ದಾಗ ಮೆನು ಒತ್ತು. ಎರಡು ಪಟ್ಟಿ ಕಾಣಸ್ತಾವೇನ್ ಬೇ?"

"ಕಾಣಸ್ತಾವಪಾ. ಮ್ಯಾಲಿಂದು ತುಂಬೈತಿ. ಕೆಳಗಿಂದು ಖಾಲಿ ಐತಿ."

"ಹಂಗಾರ ಬಾಕ್ಸ್ ಜೀವಂತ ಐತಿ. ವಾಯರೂ ಐತಿ, ಎಲ್‌ಎನ್‌ಬಿನೂ ಐತಿ. ಡಿಶ್ ಮಾರಿ ತಿರುಗಿರಬೇಕು. ಹೊಸಾದು ತಗೋಬ್ಯಾಡ."

ಪಕ್ಕದ ಮನೆಯ ಕಾಕಾ ಮಾಳಿಗೆ ಹತ್ತಿದರು. ಅವರದು ಹಳೆಯ ಅಂಟೆನಾದ ರೂಢಿ, ಒಂದೇ ಬೀಸಿಗೆ ಅರ್ಧ ಆಕಾಶ ಸುತ್ತಿಸಿಬಿಟ್ಟರು. ಡಿಶ್ಶಿಗೆ ಅದು ನಡೆಯೋದಿಲ್ಲ. 60 ಸೆಂಟಿಮೀಟರ್ ಡಿಶ್ ಎರಡು-ಮೂರು ಡಿಗ್ರಿ ಹೊರಳಿದರೆ ಸಾಕು, ಚಿತ್ರ ಹೋಗಬಹುದು. ಮೂರು ಡಿಗ್ರಿ ಅಂದರೆ ನಿಮಿಷದ ಮುಳ್ಳು ಅರ್ಧ ನಿಮಿಷಕ್ಕೆ ಸರಿಯುವಷ್ಟು. ಅದೂ ಅಲ್ಲದೆ ಡಿಶ್ ಸರಿಯಾದ ಕಡೆ ತಿರುಗಿದ ತಕ್ಷಣ ಚಿತ್ರ ಬರೋದಿಲ್ಲ. ಚಿಪ್ಪು ತಾಳ ಹಿಡಿಯಬೇಕು, ಗಡಿಯಾರ ನಿಲ್ಲಿಸಬೇಕು, ಕಟ್ಟಿನ ತುದಿ ಹುಡುಕಬೇಕು. ಅಷ್ಟಕ್ಕೆ ಒಂದೆರಡು ಸೆಕೆಂಡ್ ಬೇಕು. ಜೋರಾಗಿ ತಿರುಗಿಸುವವರು ಸರಿಯಾದ ಜಾಗ ದಾಟಿ ಹೋದದ್ದೇ ಗೊತ್ತಾಗೋದಿಲ್ಲ.

"ಕಾಕಾ, ಒಂದ ಎಳ್ಳಿನಷ್ಟ ಸರಸ್ರಿ. ಆಮ್ಯಾಲ ಮೂರ ಎಣಸ್ರಿ. ಅವ್ವ ಹೂಂ ಅಂದ್ರ ಇನ್ನೊಂದೀಟು."

ಇಪ್ಪತ್ತು ನಿಮಿಷ ಹಿಡಿಯಿತು. ಕ್ವಾಲಿಟಿ ಸೊನ್ನೆ ಇದ್ದದ್ದು 30 ಆಯಿತು, 55 ಆಯಿತು, 70ಕ್ಕೆ ಕಾಕಾ ನಟ್ಟು ಬಿಗಿದರು. ಹದಿನೈದು ನೂರು ಅವ್ವನ ಡಬ್ಬಿಗೇ ವಾಪಸ್ ಹೋಯಿತು. "ಇದನ್ನ ಅವರ್ಯಾಕ ನೋಡ್ಲಿಲ್ಲೋ?" ಅಂದಳು ಅವ್ವ. ಆಮೇಲೆ ಓಣಿಯ ಇಬ್ಬರು ಮೂವರಿಗೆ ಆ ಕೆಳಗಿನ ಪಟ್ಟಿ ತೋರಿಸಿದ್ದು ಅವಳೇ.

ಯಾರನ್ನಾದರೂ ಕರೆಯುವ ಮುನ್ನ

ಪಟ್ಟಿಯ ಅಂಕಿಯನ್ನು ಎಲ್ಲ ಕಂಪನಿಯ ಬಾಕ್ಸುಗಳು ಒಂದೇ ತರ ಲೆಕ್ಕ ಹಾಕೋದಿಲ್ಲ. ನಿಮ್ಮ ಮನೆಯಲ್ಲಿ ಚಿತ್ರ ಚೆನ್ನಾಗಿರುವ ದಿನ ಎರಡೂ ಅಂಕಿಗಳನ್ನು ನೋಡಿ ಕ್ಯಾಲೆಂಡರಿನ ಮೂಲೆಗೆ ಬರೆದಿಡಿ. ಕೆಟ್ಟ ದಿನ ಹೋಲಿಸೋದಕ್ಕೆ ಅದೇ ಅಳತೆ.

ಎರಡೂ ಸೊನ್ನೆ ಇದ್ದರೆ ವಾಯರ್ ಕಿತ್ತಿದೆಯೋ, ಪಿನ್ನಿಗೆ ತುಕ್ಕು ಹಿಡಿದಿದೆಯೋ, ಎಲ್‌ಎನ್‌ಬಿ ಹೋಗಿದೆಯೋ ನೋಡಿ. ಬಾಕ್ಸ್ ಮೇಲೆ ಅನುಮಾನ ಇದ್ದರೆ ಅದನ್ನು ಅದೇ ಸೇವೆ ಇರುವ ಪಕ್ಕದ ಮನೆಯ ಡಿಶ್ಶಿಗೆ ಹಚ್ಚಿ ನೋಡಿದರೆ ಐದು ನಿಮಿಷದಲ್ಲಿ ತೀರ್ಮಾನ ಆಗ್ತದೆ. ಸ್ಟ್ರೆಂತ್ ಇದ್ದು ಕ್ವಾಲಿಟಿ ಇಲ್ಲದಿದ್ದರೆ ಮೊದಲು ಡಿಶ್ಶಿನ ದಿಕ್ಕು ನೋಡಿ, ಆಮೇಲೆ ಎದುರಿಗೆ ಬೆಳೆದ ಮರ ಅಥವಾ ಹೊಸ ಗೋಡೆ. ಜೋರು ಮಳೆಯಲ್ಲಿ ಹೋದರೆ ಏನೂ ಮಾಡಬೇಡಿ. ಮಳೆ ಹನಿಗಳು ಸಿಗ್ನಲ್ಲನ್ನು ಹೀರಿ, ಮೇಲೆ ತಮ್ಮ ಗದ್ದಲವನ್ನೂ ಸೇರಿಸ್ತವೆ. ಮಳೆ ನಿಂತರೆ ತಾನೇ ಬರ್ತದೆ. ಗಾಳಿ ಮಳೆಯಲ್ಲಿ ಮಾಳಿಗೆ ಹತ್ತೋದು ಬೇಡವೇ ಬೇಡ.

ಇನ್ನೊಂದು ಮಾತು. ಮಾರ್ಚ್ 13ರ ಮತ್ತು ಸೆಪ್ಟೆಂಬರ್ 30ರ ಆಸುಪಾಸಿನ ಕೆಲವು ದಿನ, ಬೆಳಿಗ್ಗೆ 11ರ ಸುಮಾರಿಗೆ, ನಮ್ಮ ಭಾಗದಿಂದ ನೋಡಿದರೆ ಸೂರ್ಯ ಸರಿಯಾಗಿ ಜಿಸ್ಯಾಟ್-15ರ ಬೆನ್ನಿಗೆ ಬರ್ತಾನೆ. ಅವನ ಗದ್ದಲಕ್ಕೆ ಕೆಲವು ನಿಮಿಷ ಕ್ವಾಲಿಟಿ ಬೀಳಬಹುದು. ಗಾಬರಿ ಬೇಡ, ಅದರಿಂದ ಒಂದು ಉಪಕಾರವೂ ಇದೆ. ಆ ಹೊತ್ತಿನಲ್ಲಿ ನಿಮ್ಮ ಡಿಶ್ ಮೇಲೆ ಯಾವುದರ ನೆರಳು ಬೀಳ್ತದೋ ಅದೇ ನಿಮ್ಮ ಸಿಗ್ನಲ್ಲಿಗೆ ಅಡ್ಡ. ಬೇವಿನ ಟೊಂಗೆ ಇದ್ದರೆ ಅಷ್ಟನ್ನೇ ಸವರಿ.

ಈ ವಿದ್ಯೆ ಟೀವಿಗೆ ಮಾತ್ರ ಸೇರಿದ್ದಲ್ಲ. ಚಹಾದಂಗಡಿಯ ಗಲ್ಲೆಗೆ ಅಂಟಿಸಿದ ಕ್ಯೂಆರ್ ಕೋಡ್ ನೋಡಿ. ಮೂಲೆ ಹರಿದಿರ್ತದೆ, ಮೇಲೆ ಚಹಾದ ಕಲೆ ಬೇರೆ. ಆದರೂ ಫೋನ್ ಹಿಡಿದರೆ ಹತ್ತು ರೂಪಾಯಿ ಸರಿಯಾಗಿ ಅಂಗಡಿಯವನ ಖಾತೆಗೇ ಹೋಗ್ತದೆ. ಅಳಿಸಿದ ಚುಕ್ಕಿಗಳನ್ನು ಅಲ್ಲಿ ತುಂಬಿಕೊಡೋದೂ ಅದೇ ರೀಡ್-ಸಾಲೊಮನ್ ಲೆಕ್ಕ.